ಅಂಗಡಿಯಲ್ಲಿ ಸಿಗದ ಪುಸ್ತಕ ಮೊದಲು ಬರಲಿ

ಬಾನು ಮುಷ್ತಾಕ್ ಅವರ ಹನ್ನೆರಡು ಕಥೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’ಗೆ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತಲ್ಲ, ಆಮೇಲಿಂದ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ಬಿಡದೆ ಕಾಣಿಸಿಕೊಳ್ಳುತ್ತಿದೆ. ಬರೆಯುವವರು ಹೆಚ್ಚಾಗಿ ಕನ್ನಡದ ಅಧ್ಯಾಪಕರು, ಕೆಲವರು ಗ್ರಂಥಪಾಲಕರು. ‘ನಮ್ಮಲ್ಲಿ ಕನ್ನಡ ಮಹಿಳಾ ಸಾಹಿತ್ಯವನ್ನು ಮೈನರ್ ಆಗಿ ಶುರು ಮಾಡುತ್ತಿದ್ದೇವೆ ಮೇಡಂ, ಲೈಬ್ರರಿಗೆ ಯಾವ ಯಾವ ಪುಸ್ತಕ ತರಿಸಬೇಕು, ಒಂದು ಪಟ್ಟಿ ಕೊಡಿ’ ಎಂಬುದು ಎಲ್ಲ ಪತ್ರಗಳ ಸಾರ. ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಬಹುಕಾಲ ದುಡಿದವಳು ಎಂಬ ವಿಶ್ವಾಸದಿಂದ ಕೇಳುತ್ತಾರೆ. ಈ ವಿಷಯವನ್ನು ಮೈನರ್ ಆಗಿ ಕಲಿಸಲು ಹೊರಟವರಿದ್ದಾರೆ ಎಂಬುದೇ ನನಗೆ ದೊಡ್ಡ ಸಂತೋಷ. ಹಾಗಿದ್ದೂ ಪಟ್ಟಿಯ ಬದಲು ಈ ಬರಹ ಕೊಡುತ್ತಿದ್ದೇನೆ. ಇಂಥ ಸಂಗ್ರಹ ಪಟ್ಟಿಯಿಂದ ಶುರುವಾದರೆ ದಾರಿ ತಪ್ಪುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ.

ಮೊದಲು ಈ ಮೈನರ್ ಯಾರಿಗಾಗಿ ಎಂಬುದನ್ನು ನೋಡೋಣ. 2022ರಲ್ಲಿ ಯುಜಿಸಿ ಹೊರಡಿಸಿದ ಚೌಕಟ್ಟಿನ ಪ್ರಕಾರ ಮೂರು ವರ್ಷದ ಪದವಿಯಲ್ಲಿ ಮೈನರ್‌ಗೆ 24 ಕ್ರೆಡಿಟ್, ನಾಲ್ಕು ವರ್ಷದ್ದಾದರೆ 32. ನಾಲ್ಕು ಕ್ರೆಡಿಟ್ಟಿನ ಆರು ಪತ್ರಿಕೆ ಎಂದಿಟ್ಟುಕೊಳ್ಳಿ. ಕರ್ನಾಟಕದ ಸರ್ಕಾರಿ ವಿಶ್ವವಿದ್ಯಾಲಯಗಳು 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿವೆ. ಮೈನರ್ ಎಂಬ ಹೆಸರು ಈಗ ಹೆಚ್ಚಾಗಿ ಖಾಸಗಿ ಮತ್ತು ಡೀಮ್ಡ್ ವಿಶ್ವವಿದ್ಯಾಲಯಗಳಲ್ಲಿ ಕೇಳುತ್ತದೆ. ಹೆಸರು ಏನೇ ಇರಲಿ, ಗ್ರಂಥಾಲಯದ ಮುಂದಿರುವ ಕೆಲಸ ಒಂದೇ. ಕಂಪ್ಯೂಟರ್ ಸೈನ್ಸನ್ನೋ ಕಾಮರ್ಸನ್ನೋ ಮುಖ್ಯವಾಗಿ ಓದುತ್ತಿರುವ ಹುಡುಗ ಹುಡುಗಿಯರು ವಾರಕ್ಕೆ ಕೆಲವು ಗಂಟೆ ಬಂದು ಕೂರುತ್ತಾರೆ. ಅವರಲ್ಲಿ ಎಷ್ಟೋ ಮಂದಿಗೆ ತ್ರಿವೇಣಿಯ ಹೆಸರು ಅಜ್ಜಿಯ ಬಾಯಿಂದ ಕೇಳಿ ಗೊತ್ತು, ಓದಿ ಗೊತ್ತಿಲ್ಲ. ಇವರು ಸಂಶೋಧನೆಗೆ ಬಂದವರಲ್ಲ, ಕಥೆ ಕಾದಂಬರಿಯನ್ನೇ ಓದಬೇಕಾದವರು. ವಿಮರ್ಶೆಯ ದಪ್ಪ ಸಂಪುಟಗಳು ನಾಲ್ಕಾರು ಇದ್ದರೆ ಧಾರಾಳವಾಯಿತು.

ಪಟ್ಟಿಯ ತೊಂದರೆ ಇನ್ನೊಂದು ಕಡೆ ಇದೆ. ವಿಭಾಗದವರು ಇಂಡೆಂಟ್ ಕೊಡುತ್ತಾರೆ, ಗ್ರಂಥಾಲಯ ಸಮಿತಿ ಒಪ್ಪುತ್ತದೆ, ಸರಬರಾಜುದಾರರಿಂದ ಕೊಟೇಷನ್ ಬರುತ್ತದೆ, ಹೆಚ್ಚು ರಿಯಾಯಿತಿ ಕೊಟ್ಟವರಿಗೆ ಆರ್ಡರ್ ಹೋಗುತ್ತದೆ. ಅಷ್ಟರಲ್ಲಿ ಫೆಬ್ರುವರಿ ಮುಗಿದಿರುತ್ತದೆ. ಮಾರ್ಚ್ 31ರೊಳಗೆ ಹಣ ಖರ್ಚಾಗದಿದ್ದರೆ ವಾಪಸ್ ಹೋಗುತ್ತದೆ ಎಂಬ ಆತುರ ಎಲ್ಲರಿಗೂ. ಸರಬರಾಜುದಾರ ಗೋದಾಮಿನಲ್ಲಿ ಇದ್ದದ್ದನ್ನು ತಂದುಕೊಟ್ಟು, ಉಳಿದ ಹೆಸರುಗಳ ಮುಂದೆ ‘ಪ್ರತಿಗಳು ಮುಗಿದಿವೆ’ ಎಂದು ಬರೆದು ಬಿಲ್ ಕೊಡುತ್ತಾನೆ. ಅವನದು ತಪ್ಪಲ್ಲ. ಕನ್ನಡದಲ್ಲಿ ಒಂದು ಮುದ್ರಣಕ್ಕೆ ಸಾಮಾನ್ಯವಾಗಿ ಐನೂರೋ ಸಾವಿರವೋ ಪ್ರತಿ ಅಚ್ಚಾಗುತ್ತವೆ, ಅವು ಮುಗಿದ ಮೇಲೆ ಮರುಮುದ್ರಣದ ಭಾಗ್ಯ ಎಲ್ಲರಿಗೂ ಇಲ್ಲ. ಮುಂದಿನ ವರ್ಷ ಪಠ್ಯಕ್ರಮ ತಿದ್ದುವಾಗ ಅಧ್ಯಾಪಕರು ಏನು ಮಾಡುತ್ತಾರೆ? ಲೈಬ್ರರಿಯಲ್ಲಿ ಇಲ್ಲದ ಪುಸ್ತಕವನ್ನು ಪಾಠಕ್ಕೆ ಇಡಲಾಗದು ಎಂದು ಕೈಬಿಡುತ್ತಾರೆ. ಒಬ್ಬ ಲೇಖಕಿ ಅಂಗಡಿಯಿಂದ ಮಾಯವಾದವಳು ಹೀಗೆ ತರಗತಿಯಿಂದಲೂ ಮಾಯವಾಗುತ್ತಾಳೆ. ಅಧ್ಯಯನ ಮಂಡಳಿ ಏನೇ ಬರೆದುಕೊಳ್ಳಲಿ, ಆ ಮೈನರ್‌ನಲ್ಲಿ ಏನು ಕಲಿಸುತ್ತಾರೆ ಎಂಬುದನ್ನು ಕೊನೆಗೆ ತೀರ್ಮಾನಿಸುವುದು ಕಪಾಟು. ಆದ್ದರಿಂದ ಪತ್ರ ಬರೆದವರಿಗೆಲ್ಲ ನಾನು ಹೇಳುವುದು ಇಷ್ಟೇ: ಮೊದಲ ವರ್ಷದ ಹಣ ಮತ್ತು ಶ್ರಮ ಎರಡನ್ನೂ ಅಂಗಡಿಯಲ್ಲಿ ಸಿಗದ ಪುಸ್ತಕಕ್ಕೆ ಹಾಕಿ. ವೈದೇಹಿ, ಬಾನು ಮುಷ್ತಾಕ್, ತ್ರಿವೇಣಿ ಇವರ ಪುಸ್ತಕಗಳು ನಾಳೆಯೂ ಸಿಗುತ್ತವೆ.

ನಂಜನಗೂಡು ತಿರುಮಲಾಂಬಾ ಅವರನ್ನೇ ತೆಗೆದುಕೊಳ್ಳಿ. 1887ರಲ್ಲಿ ಹುಟ್ಟಿದವರು, ಎಳೆಯ ವಯಸ್ಸಿನಲ್ಲೇ ವಿಧವೆಯಾದವರು. 1913ರಲ್ಲಿ ‘ಸತೀ ಹಿತೈಷಿಣಿ’ ಗ್ರಂಥಮಾಲೆ ಶುರು ಮಾಡಿ ತಮ್ಮ ಕಾದಂಬರಿಗಳನ್ನು ತಾವೇ ಪ್ರಕಟಿಸಿದರು, ‘ಕರ್ನಾಟಕ ನಂದಿನಿ’ ಎಂಬ ಮಾಸಪತ್ರಿಕೆ ನಡೆಸಿದರು. ಒಬ್ಬ ಹೆಣ್ಣುಮಗಳು ಲೇಖಕಿ, ಸಂಪಾದಕಿ, ಪ್ರಕಾಶಕಿ ಮೂರೂ ಆಗಿ ನಿಂತದ್ದು ಕನ್ನಡದಲ್ಲಿ ಎಂಥ ದೊಡ್ಡ ಸಂಗತಿ ಎಂಬುದನ್ನು ಪಾಠದಲ್ಲಿ ಹೇಳುತ್ತೇವೆ. ಪಾಠ ಕೇಳಿದ ಹುಡುಗಿ ‘ಮೇಡಂ, ‘ಸುಶೀಲೆ’ ಕಾದಂಬರಿ ಕೊಡಿ’ ಎಂದು ಬಂದರೆ ಕೊಡಲು ಪುಸ್ತಕ ಬೇಕಲ್ಲ. ಹಾಗೆಯೇ ಆರ್. ಕಲ್ಯಾಣಮ್ಮ ದಶಕಗಟ್ಟಲೆ ನಡೆಸಿದ ‘ಸರಸ್ವತಿ’ ಪತ್ರಿಕೆ, ಉಡುಪಿಯ ಸರಸ್ವತಿಬಾಯಿ ರಾಜವಾಡೆಯವರ ‘ಸುಪ್ರಭಾತ’. ಇವುಗಳ ಬಿಡಿ ಸಂಚಿಕೆ ಎಲ್ಲಿದೆ ಎಂದು ಪತ್ತೆ ಮಾಡುವುದೇ ಒಂದು ಸಂಶೋಧನೆ.

ವಿಶ್ವವಿದ್ಯಾಲಯಗಳ ಹಳೆಯ ಸಂಗ್ರಹದಲ್ಲಿ ಇವು ಇರಬೇಕಿತ್ತಲ್ಲ ಎಂದು ಕೆಲವರು ಕೇಳುತ್ತಾರೆ. ಇರಬೇಕಿತ್ತು, ನಿಜ. ಆದರೆ ಹೆಂಗಸರ ಕಾದಂಬರಿ ಎಂದರೆ ಹೊತ್ತು ಕಳೆಯುವ ಓದು, ವಿಶ್ವವಿದ್ಯಾಲಯಕ್ಕೆ ತಕ್ಕದ್ದಲ್ಲ ಎಂಬ ಭಾವನೆ ಖರೀದಿಯ ಮೇಜಿನ ಸುತ್ತ ಬಹಳ ವರ್ಷ ಇತ್ತು. ಅದರ ಫಲವನ್ನು ಈಗ ನಾವು ಉಣ್ಣುತ್ತಿದ್ದೇವೆ. ಆ ಕಾದಂಬರಿಗಳನ್ನು ಸಾಕಿದವು ಬೀದಿ ಬದಿಯ ಸರ್ಕ್ಯುಲೇಟಿಂಗ್ ಲೈಬ್ರರಿಗಳು ಮತ್ತು ವಾರಪತ್ರಿಕೆಗಳು. ಪ್ರಶಸ್ತಿ ಬಂದವರನ್ನು ಕೊಂಡರೆ ಸಾಕು ಎನ್ನುವವರು ಇನ್ನೊಂದು ಲೆಕ್ಕ ನೋಡಬೇಕು. ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಶುರುವಾದದ್ದು 1955ರಲ್ಲಿ, ಅದು ಮೊದಲ ಸಲ ಕನ್ನಡದ ಲೇಖಕಿಯೊಬ್ಬರಿಗೆ ಬಂದದ್ದು 2004ರಲ್ಲಿ, ಕಲಬುರಗಿಯ ಗೀತಾ ನಾಗಭೂಷಣರ ‘ಬದುಕು’ ಕಾದಂಬರಿಗೆ. ಪ್ರಶಸ್ತಿಯ ಪಟ್ಟಿ ನೋಡಿ ಕೊಂಡ ಗ್ರಂಥಾಲಯದಲ್ಲಿ ಅರ್ಧ ಶತಮಾನದ ಹೆಂಗಸರ ಬರವಣಿಗೆಯೇ ಇರುವುದಿಲ್ಲ.

ಹಾಗಾದರೆ ಅವು ಎಲ್ಲಿವೆ? ಮನೆಗಳಲ್ಲಿವೆ. ಮೈಸೂರಿನ ಹಳೆಯ ಬಡಾವಣೆಯೊಂದರ ಮನೆಯವರು ಒಮ್ಮೆ ಕರೆದಿದ್ದರು, ಅತ್ತೆಯವರು ತೀರಿಕೊಂಡಿದ್ದಾರೆ, ಅವರ ಪುಸ್ತಕ ಬೇಕಾದರೆ ನೋಡಿ ಎಂದು. ಮಂಚದ ಕೆಳಗಿನ ಟ್ರಂಕಿನಲ್ಲಿ ಅಂಗಡಿಯಲ್ಲಿ ಕೊಂಡ ಪುಸ್ತಕ ಕಡಿಮೆ. ವಾರಪತ್ರಿಕೆಗಳಿಂದ ಧಾರಾವಾಹಿಯ ಹಾಳೆಗಳನ್ನಷ್ಟೇ ಬಿಡಿಸಿ, ಕಂತುಗಳನ್ನು ಸಾಲಾಗಿ ಜೋಡಿಸಿ, ಕಂಬಳಿ ಹೊಲಿಯುವ ದಪ್ಪ ಸೂಜಿಯಿಂದ ಹೊಲಿದು, ಮೇಲೆ ಕ್ಯಾಲೆಂಡರಿನ ಹಾಳೆ ಅಂಟಿಸಿದ ಕಟ್ಟುಗಳೇ ಹೆಚ್ಚು. ಹೊರಗಡೆ ಹಳದಿ ಬಣ್ಣದ ಲಕ್ಷ್ಮಿ, ಒಳಗೆ ಎಂ.ಕೆ. ಇಂದಿರಾ. ಮೊದಲ ಪುಟದಲ್ಲಿ ಶಾಯಿಯಲ್ಲಿ ಕಾದಂಬರಿಯ ಹೆಸರು, ಅದರ ಕೆಳಗೆ ಯಾರು ಯಾರು ಒಯ್ದರು, ಯಾವತ್ತು ತಂದುಕೊಟ್ಟರು ಎಂಬ ಬರವಣಿಗೆ: ಎದುರುಮನೆ ಸೀತಮ್ಮ, ಶಾರದೆ, ಪೋಸ್ಟ್ ಮಾಸ್ಟರ ಹೆಂಡತಿ. ಹದಿನಾಲ್ಕನೇ ಕಂತು ಇರಲಿಲ್ಲ. ಆ ಜಾಗದಲ್ಲಿ ರೂಲ್ ಪುಸ್ತಕದ ಹಾಳೆಗಳು, ಆ ಕಂತನ್ನು ಇನ್ನೊಬ್ಬರ ಪತ್ರಿಕೆಯಿಂದ ಕೈಯಲ್ಲಿ ಬರೆದುಕೊಂಡಿದ್ದರು. ಅಕ್ಷರ ಕೊನೆಕೊನೆಗೆ ಸಣ್ಣದಾಗುತ್ತ ಹೋಗಿತ್ತು, ಹಾಳೆ ಸಾಲದೆಂದು ಕಾಣುತ್ತದೆ.

ಆ ಕಟ್ಟನ್ನು ಗ್ರಂಥಾಲಯಕ್ಕೆ ತಂದಾಗ ಇದನ್ನು ಪುಸ್ತಕ ಎಂದು ದಾಖಲೆ ಮಾಡುವುದು ಹೇಗೆ ಎಂಬ ಪ್ರಶ್ನೆ ಎದ್ದಿತು. ಪ್ರಕಾಶಕರಿಲ್ಲ, ಐಎಸ್‌ಬಿಎನ್ ಇಲ್ಲ, ಬೆಲೆ ಇಲ್ಲ. ದಾನದ ಪುಸ್ತಕಕ್ಕೂ ಅಕ್ಸೆಷನ್ ರಿಜಿಸ್ಟರಿನಲ್ಲಿ ಒಂದು ಸಂಖ್ಯೆ ಬೇಕು, ಒಂದು ಬೆಲೆ ಬೇಕು. ನಾನು ಹೇಳುವುದು: ದಾಖಲೆ ಮಾಡಿ, ಅಂದಾಜು ಬೆಲೆ ಹಾಕಿ, ಪತ್ರಿಕೆಯ ಹೆಸರು ಮತ್ತು ವರ್ಷ ಬರೆಯಿರಿ, ದಾನ ಕೊಟ್ಟವರ ಹೆಸರನ್ನು ಅವರ ಒಪ್ಪಿಗೆ ಪಡೆದು ಸೇರಿಸಿ. ಮಹಿಳಾ ಸಾಹಿತ್ಯದ ಮೈನರ್‌ಗೆ ಇದಕ್ಕಿಂತ ಒಳ್ಳೆಯ ಆಕರ ಯಾವುದಿದೆ? ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಪುಸ್ತಕವಾಗುವ ಮೊದಲು ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಆ ವಾರದ ಪುಟದಲ್ಲಿ ಅಕ್ಕಪಕ್ಕ ಯಾವ ಸುದ್ದಿ ಇತ್ತು, ಮುಂದಿನ ವಾರ ಓದುಗರು ಏನು ಪತ್ರ ಬರೆದರು ಎಂಬುದನ್ನು ನೋಡುತ್ತ ಓದುವುದೂ, ಬರೀ ಪುಸ್ತಕ ಓದುವುದೂ ಬೇರೆ ಬೇರೆ ಅನುಭವ.

ಹಳೆಯದನ್ನು ಕೊಳ್ಳುವುದಕ್ಕೆ ನಿಯಮ ಅಡ್ಡ ಬರುತ್ತದೆ ಎಂದು ಗ್ರಂಥಪಾಲಕರು ಅಳುಕುತ್ತಾರೆ. ಆ ಅಳುಕಿಗೆ ಕಾರಣವಿದೆ. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕದವರ ಬಳಿ ಕೊಟೇಷನ್ ಕೇಳಿದರೆ ಅವರು ಎಲ್ಲಿಂದ ತಂದಾರು? ಒಂದೇ ಪ್ರತಿ ಇರುವ ಪುಸ್ತಕಕ್ಕೆ ಮೂರು ಕಡೆಯ ದರ ಹೋಲಿಸುವುದು ಹೇಗೆ? ಆದರೆ ಕೊಟೇಷನ್ ಇಲ್ಲದೆ ಕೊಳ್ಳಬಹುದಾದ ಸಣ್ಣ ಮೊತ್ತದ ಅವಕಾಶ ಲೆಕ್ಕಪತ್ರದ ನಿಯಮಗಳಲ್ಲಿ ಇರುತ್ತದೆ. ವರ್ಷದ ಆರಂಭದಲ್ಲೇ, ಅಂದರೆ ಜೂನ್ ಜುಲೈನಲ್ಲೇ, ಗ್ರಂಥಾಲಯ ಸಮಿತಿಯಲ್ಲಿ ಒಂದು ನಿರ್ಣಯ ಮಾಡಿಸಿ: ಮುದ್ರಣ ಮುಗಿದ ಪುಸ್ತಕಗಳಿಗೆಂದು ಇಷ್ಟು ಹಣ, ಕನ್ನಡ ವಿಭಾಗದ ಒಬ್ಬರು, ಗ್ರಂಥಾಲಯದ ಒಬ್ಬರು, ಹಣಕಾಸು ಶಾಖೆಯ ಒಬ್ಬರು ಸೇರಿ ಸ್ಥಳದಲ್ಲೇ ನೋಡಿ ಬೆಲೆ ಒಪ್ಪುವುದು, ಮಾರಿದವರಿಂದ ಸಹಿ ಮಾಡಿದ ರಸೀದಿ ಪಡೆಯುವುದು. ಆಡಿಟ್‌ನವರು ಆಕ್ಷೇಪ ಎತ್ತುವುದು ಕಾಗದ ಇಲ್ಲದ ಖರೀದಿಗೆ. ಕಾರಣ ಬರೆದಿಟ್ಟ ಖರೀದಿ ಅವರಿಗೂ ಅರ್ಥವಾಗುತ್ತದೆ. ಹಣಕಾಸು ಶಾಖೆಯವರನ್ನು ಒಂದು ಸಲ ಆ ಅಂಗಡಿಗೆ ಕರೆದುಕೊಂಡು ಹೋಗಿ, ಮುಂದಿನ ಸಲ ಅವರೇ ಯಾವಾಗ ಹೋಗೋಣ ಎನ್ನುತ್ತಾರೆ.

ಪುಸ್ತಕ ಎರವಲಿಗೆ ಮಾತ್ರ ಸಿಕ್ಕಿತು, ಕೊಳ್ಳಲು ಸಿಗಲಿಲ್ಲ ಎಂದಾಗ ಹಕ್ಕುಸ್ವಾಮ್ಯದ ಮಾತು ಬರುತ್ತದೆ. ಇದರಲ್ಲಿ ತುಂಬ ಗೊಂದಲ ಇರುವುದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ ಎಣಿಸಿ ಅರವತ್ತು ವರ್ಷ ಹಕ್ಕು ಉಳಿಯುತ್ತದೆ. ಕೊಡಗಿನ ಗೌರಮ್ಮ ಇಪ್ಪತ್ತೇಳರ ಪ್ರಾಯದಲ್ಲಿ, 1939ರಲ್ಲಿ, ಹೊಳೆಯಲ್ಲಿ ಮುಳುಗಿ ತೀರಿಕೊಂಡರು. ಅವರ ‘ಕಂಬನಿ’, ‘ಚಿಗುರು’ ಸಂಕಲನಗಳ ಕಥೆಗಳು ಎಂದೋ ಎಲ್ಲರ ಸೊತ್ತಾಗಿವೆ. ತ್ರಿವೇಣಿ ತೀರಿಕೊಂಡದ್ದು 1963ರಲ್ಲಿ, ಅವರ ಕೃತಿಗಳ ಹಕ್ಕು 2023ರ ಡಿಸೆಂಬರಿಗೆ ಮುಗಿಯಿತು. ಅವರ ಕಾದಂಬರಿಗಳನ್ನು ಯಾವ ವಿಶ್ವವಿದ್ಯಾಲಯದ ಪ್ರಸಾರಾಂಗ ಬೇಕಾದರೂ ಈಗ ವಿದ್ಯಾರ್ಥಿಗಳ ಬೆಲೆಗೆ ಅಚ್ಚು ಹಾಕಬಹುದು. ಇಷ್ಟು ದೊಡ್ಡ ಅವಕಾಶವನ್ನು ಯಾರೂ ಕೈಚೆಲ್ಲಬಾರದು. ತಿರುಮಲಾಂಬಾ ಅವರ ವಿಷಯ ಬೇರೆ. ಅವರು 1982ರವರೆಗೆ ಬದುಕಿದ್ದರು. 1913ರ ಕಾದಂಬರಿಯ ಹಕ್ಕೂ 2042ರ ಕೊನೆಯವರೆಗೆ ಇರುತ್ತದೆ. ಆದರೆ ಕಾಯ್ದೆಯ 52ನೇ ಕಲಮಿನಲ್ಲಿ ಗ್ರಂಥಾಲಯಗಳಿಗೆ ಒಂದು ಬಾಗಿಲು ತೆರೆದಿದೆ: ಭಾರತದಲ್ಲಿ ಮಾರಾಟಕ್ಕೆ ಸಿಗದ ಪುಸ್ತಕವಾದರೆ, ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯದ ಮುಖ್ಯಸ್ಥರು ತಮ್ಮ ಗ್ರಂಥಾಲಯದ ಬಳಕೆಗೆ ಮೂರು ಪ್ರತಿಯವರೆಗೆ ಮಾಡಿಸಿಕೊಳ್ಳಬಹುದು. ನಿಮ್ಮ ಗ್ರಂಥಾಲಯ ಆ ವ್ಯಾಖ್ಯೆಯೊಳಗೆ ಬರುತ್ತದೆಯೇ ಎಂದು ವಿಶ್ವವಿದ್ಯಾಲಯದ ಕಾನೂನು ಶಾಖೆಯಿಂದ ಬರೆಯಿಸಿಕೊಳ್ಳಿ. ವಾರಸುದಾರರು ಇದ್ದರೆ ಅವರಿಗೊಂದು ಪತ್ರ ಬರೆಯಿರಿ. ಕೇಳಿದರೆ ಬೇಡ ಎಂದವರನ್ನು ನಾನು ಕಂಡದ್ದು ಕಡಿಮೆ.

ಈ ಹುಡುಕಾಟಕ್ಕೆ ಹೊರಡುವ ಮೊದಲು ನೆರೆಹೊರೆಯಲ್ಲಿ ಏನಿದೆ ಎಂದು ನೋಡಬೇಕು. ಬೆಂಗಳೂರಿನ ಜಯನಗರದ ಎನ್‌ಎಂಕೆಆರ್‌ವಿ ಮಹಿಳಾ ಕಾಲೇಜಿನಲ್ಲಿ ಚಿ.ನ. ಮಂಗಳಾ ಅವರು ಕಟ್ಟಿದ ‘ಶಾಶ್ವತಿ’ ಇದೆ, ತಿರುಮಲಾಂಬಾ ಅವರನ್ನು ಮತ್ತೆ ಓದುಗರ ಮುಂದೆ ತಂದವರಲ್ಲಿ ಮಂಗಳಾ ಮುಖ್ಯರು. ವಿಜಯಪುರದಲ್ಲಿ 2003ರಲ್ಲಿ ಶುರುವಾದ ಮಹಿಳಾ ವಿಶ್ವವಿದ್ಯಾಲಯ ಇದೆ, ಈಗ ಅದಕ್ಕೆ ಅಕ್ಕಮಹಾದೇವಿಯ ಹೆಸರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಇದೆ, ಮೈಸೂರಿನ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆ ಇದೆ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಸ್ಕ್ಯಾನ್ ಮಾಡಿದ ಹಳೆಯ ಕನ್ನಡ ಪುಸ್ತಕಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಗುತ್ತವೆ, ಹೆಸರಿನ ಕಾಗುಣಿತ ನಾಲ್ಕು ಥರ ಬದಲಿಸಿ ಹುಡುಕಬೇಕು ಅಷ್ಟೇ.

ಕಾಗುಣಿತದ ಮಾತು ಬಂದದ್ದರಿಂದ ಕ್ಯಾಟಲಾಗಿನ ವಿಷಯ ಹೇಳಲೇಬೇಕು. ತಂದ ಪುಸ್ತಕ ಹುಡುಕಿದಾಗ ಸಿಗದಿದ್ದರೆ ತಂದೂ ಇಲ್ಲದಂತೆಯೇ. ಈ ಲೇಖಕಿಯರಷ್ಟು ಹೆಸರುಗಳ ತೊಡಕು ಬೇರೆ ಯಾವ ಸಂಗ್ರಹದಲ್ಲೂ ಇಲ್ಲ. ಗೌರಮ್ಮನವರು ಕಥೆ ಪ್ರಕಟಿಸಿದ್ದು ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’ ಎಂದು, ಗಂಡನ ಹೆಸರಿನಲ್ಲಿ. ತ್ರಿವೇಣಿ ಎಂದರೆ ಅನಸೂಯಾ ಶಂಕರ್, ವೈದೇಹಿ ಎಂದರೆ ಜಾನಕಿ ಶ್ರೀನಿವಾಸಮೂರ್ತಿ, ಗಿರಿಬಾಲೆ ಎಂದರೆ ಸರಸ್ವತಿಬಾಯಿ ರಾಜವಾಡೆ, ವಾಣಿ ಎಂದರೆ ಬಿ.ಎನ್. ಸುಬ್ಬಮ್ಮ. ಯಾವ ಹೆಸರಲ್ಲಿ ಹುಡುಕಿದರೂ ಒಂದೇ ಕಡೆ ಬಂದು ನಿಲ್ಲುವಂತೆ ಮಾಡಬೇಕು. ಕೋಹಾದಂಥ ತಂತ್ರಾಂಶದಲ್ಲಿ ಅದಕ್ಕೆ ಅನುಕೂಲ ಇದೆ, ಯಾರಾದರೂ ಕುಳಿತು ತುಂಬಬೇಕು. ಇನ್ನು ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಟೈಪಾದ ದಾಖಲೆಗಳು ಯೂನಿಕೋಡಿಗೆ ಬಾರದೆ ಹಾಗೇ ಉಳಿದಿರುವ ಕಡೆ, ಕನ್ನಡದಲ್ಲಿ ಹುಡುಕಿದರೆ ಏನೂ ಬರುವುದಿಲ್ಲ. ಹೊಸ ಪುಸ್ತಕ ಕೊಳ್ಳುವ ಮೊದಲು ಆ ದಾಖಲೆಗಳನ್ನು ಯೂನಿಕೋಡಿಗೆ ತಿರುಗಿಸಿ ನೋಡಿ, ಬೇಕಾದ ಎಷ್ಟೋ ಹೆಸರುಗಳು ನಿಮ್ಮದೇ ಸಂಗ್ರಹದಲ್ಲಿ ಅಡಗಿರುತ್ತವೆ.

‘ಮಹಿಳಾ ಸಾಹಿತ್ಯ’ ಎಂದು ಬೋರ್ಡು ಹಾಕಿ ಬೇರೆ ಬೀರು ಇಡಬೇಕೇ ಎಂದು ಹಲವರು ಕೇಳಿದ್ದಾರೆ. ಬೇಡ ಎಂಬುದು ನನ್ನ ಅಭಿಪ್ರಾಯ. ಡ್ಯೂಯಿ ವರ್ಗೀಕರಣದಲ್ಲಿ ಕನ್ನಡ ಸಾಹಿತ್ಯ 894.814. ಕಾದಂಬರಿಯ ಸಾಲಿನಲ್ಲಿ ‘ತ’ ಅಕ್ಷರಕ್ಕೆ ಬಂದರೆ ತ.ರಾ.ಸು. ಅವರ ಹತ್ತಿರದಲ್ಲೇ ತ್ರಿವೇಣಿ ಇರುತ್ತಾರೆ. ಪುಟ್ಟಣ್ಣ ಕಣಗಾಲರು 1971ರಲ್ಲಿ ತ್ರಿವೇಣಿಯವರ ‘ಶರಪಂಜರ’, ಮರುವರ್ಷ ತ.ರಾ.ಸು. ಅವರ ‘ನಾಗರಹಾವು’ ಸಿನಿಮಾ ಮಾಡಿದರು. ಈ ನೆರೆಹೊರೆಯನ್ನು ಮುರಿದು ಹೆಂಗಸರನ್ನು ಬೇರೆ ಕೋಣೆಗೆ ಕಳಿಸುವುದು ಸರಿಯಲ್ಲ. ತ.ರಾ.ಸು. ಹುಡುಕಿ ಬಂದ ಹುಡುಗನ ಕೈಗೆ ‘ಬೆಕ್ಕಿನ ಕಣ್ಣು’ ಸಿಗಲಿ. ಮೈನರ್‌ನವರಿಗೆ ಬೇಕಾದ ಪಟ್ಟಿಯನ್ನು ಕಂಪ್ಯೂಟರಿನಲ್ಲಿ ಒಂದು ಗುರುತು ಹಾಕಿ ತೆಗೆಯಬಹುದು. ಅಪರೂಪದ ಪತ್ರಿಕೆಗಳು, ಹೊಲಿದ ಕಟ್ಟುಗಳು ಮಾತ್ರ ಪ್ರತ್ಯೇಕವಾಗಿ, ಕೂತು ಓದುವ ವಿಭಾಗದಲ್ಲಿ ಇರಲಿ.

ಪಾಠಕ್ಕಿಟ್ಟ ಪುಸ್ತಕಗಳಲ್ಲಿ ಮಾತ್ರ ಪ್ರತಿಗಳಿಗೆ ಜಿಪುಣತನ ಬೇಡ. ಇಲ್ಲಿ ಹತ್ತು ಶೀರ್ಷಿಕೆಯ ಒಂದೊಂದು ಪ್ರತಿಗಿಂತ ಒಂದು ಶೀರ್ಷಿಕೆಯ ಹತ್ತು ಪ್ರತಿ ಮೇಲು. ಅರವತ್ತು ಮಂದಿಯ ತರಗತಿಗೆ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ದ ಎರಡು ಪ್ರತಿ ಇಟ್ಟರೆ ಪರೀಕ್ಷೆಯ ಹಿಂದಿನ ವಾರ ಎಲ್ಲರೂ ಓದುವುದು ಗೈಡನ್ನೇ. ಕಳೆದುಹೋದಾವು ಎಂಬ ಭಯಕ್ಕೆ ಪುಸ್ತಕವನ್ನು ಬೀಗದೊಳಗೆ ಇಡುವವರಿಗೆ ಒಂದು ಮಾತು: ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳೇ ವರ್ಷದಲ್ಲಿ ಓದಿಗೆ ಹೋದ ಸಾವಿರ ಪುಸ್ತಕಕ್ಕೆ ಐದು ಕಳೆದರೆ, ಅದು ನಿರ್ಲಕ್ಷ್ಯದಿಂದಲೋ ಅಪ್ರಾಮಾಣಿಕತೆಯಿಂದಲೋ ಆದದ್ದಲ್ಲವಾದರೆ, ಸಹಜ ನಷ್ಟ ಎಂದು ಒಪ್ಪುತ್ತವೆ. ಅಪರೂಪದ ಪುಸ್ತಕಕ್ಕೆ ಆ ವಿನಾಯಿತಿ ಇಲ್ಲ, ಇರಬೇಕಾಗಿಯೂ ಇಲ್ಲ.

ಕನ್ನಡ ಓದಲು ಬಾರದ ವಿದ್ಯಾರ್ಥಿಗಳೂ ಬೆಂಗಳೂರಿನಲ್ಲಿ ಈ ಮೈನರ್‌ಗೆ ಬರುತ್ತಾರೆ. ಅವರಿಗೆ ತೇಜಸ್ವಿನಿ ನಿರಂಜನ 1989ರಲ್ಲಿ ಇಂಗ್ಲಿಷಿಗೆ ತಂದ ‘ಫಣಿಯಮ್ಮ’ ಇದೆ, ‘ಹಾರ್ಟ್ ಲ್ಯಾಂಪ್’ ಇದೆ. ಪ್ರೇಮಾ ಕಾರಂತರ ‘ಫಣಿಯಮ್ಮ’, ಗಿರೀಶ ಕಾಸರವಳ್ಳಿಯವರ ‘ಗುಲಾಬಿ ಟಾಕೀಸು’ ಸಿನಿಮಾಗಳೂ ಸಂಗ್ರಹಕ್ಕೆ ಸೇರಲಿ. ಅಕ್ಕಮಹಾದೇವಿಯ ವಚನ, ಸಂಚಿ ಹೊನ್ನಮ್ಮನ ‘ಹದಿಬದೆಯ ಧರ್ಮ’, ಹಲಸಂಗಿ ಗೆಳೆಯರು 1931ರಲ್ಲಿ ತಂದ ‘ಗರತಿಯ ಹಾಡು’ ಇವೆಲ್ಲ ಇರಲೇಬೇಕು, ಇವುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕಲ್ಯಾಣ ಕರ್ನಾಟಕದ, ಕರಾವಳಿಯ ಸಣ್ಣ ಪ್ರಕಾಶನಗಳ ಪುಸ್ತಕ ಬೆಂಗಳೂರಿನ ಸರಬರಾಜುದಾರರ ಪಟ್ಟಿಯಲ್ಲಿ ಬರುವುದೇ ಅಪರೂಪ. ಅವಕ್ಕೆ ಲೇಖಕಿಯರಿಗೇ ಫೋನ್ ಮಾಡುವುದು ಒಳ್ಳೆಯದು, ಎಷ್ಟೋ ಜನರ ಮನೆಯಲ್ಲಿ ಉಳಿದ ಪ್ರತಿಗಳ ಕಟ್ಟು ಇರುತ್ತದೆ.

ಕೊನೆಯದಾಗಿ ಈ ಅಂಕಣ ಓದುವ ಮನೆಮಂದಿಗೆ ಒಂದು ಕೋರಿಕೆ. ಅಮ್ಮ, ಅತ್ತೆ, ಅಜ್ಜಿ ಓದಿ ಇಟ್ಟ ಹಳೆಯ ಮಾಸಪತ್ರಿಕೆ, ಹೊಲಿದಿಟ್ಟ ಧಾರಾವಾಹಿ ನಿಮ್ಮ ಅಟ್ಟದ ಮೇಲಿದ್ದರೆ ರದ್ದಿಗೆ ಹಾಕುವ ಮೊದಲು ಹತ್ತಿರದ ವಿಶ್ವವಿದ್ಯಾಲಯದ ಗ್ರಂಥಪಾಲಕರಿಗೆ ಒಂದು ಮಾತು ತಿಳಿಸಿ. ಹರಿದ ಹಾಳೆಗೆ ಸೆಲ್ಲೋಟೇಪ್ ಅಂಟಿಸಬೇಡಿ, ಅದರ ಅಂಟು ಕೆಲವೇ ವರ್ಷದಲ್ಲಿ ಕಾಗದವನ್ನು ಕಂದು ಮಾಡುತ್ತದೆ. ಬಿಸಿಲಿಗೆ ಹರಡಬೇಡಿ. ಒಳಗೆ ಸಿಕ್ಕ ಚೀಟಿ, ಪತ್ರ, ಸಾಲ ಕೊಟ್ಟ ಲೆಕ್ಕ ಏನಿದ್ದರೂ ಇದ್ದ ಪುಟದಲ್ಲೇ ಬಿಟ್ಟು, ಹತ್ತಿ ಬಟ್ಟೆಯಲ್ಲಿ ಸುತ್ತಿ ಕೊಡಿ, ಯಾರು ಓದುತ್ತಿದ್ದರು ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟರೆ ಕ್ಯಾಟಲಾಗು ಮಾಡುವವರಿಗೆ ಅದೂ ಬೇಕಾಗುತ್ತದೆ.